ಎರಡು ವಾಯರಿನ ಹಟ

ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದುಬಿಡೂದು ನನ್ನ ಹುಟ್ಟುಗುಣ. ಹಿಂಗಾಗಿ ಇಂಥಾ ಫಜೀತಿ ನಮ್ಮ ಮನ್ಯಾಗ ನಡೀತಾನ ಇರ್ತಾವ.

ದಾಂಡೇಲಿ ಮಿಲ್ಲಿನ್ಯಾಗ ನನ್ನ ನೌಕರಿ. ಕ್ಯಾಸೆಟ್ ಹೋಗಿ ಸೀಡಿ ಬರಾಕತ್ತಿದ್ದ ಕಾಲ. ವರ್ಗ ಆಗಿ ಹೊಂಟ ಸಾಹೇಬ್ರೊಬ್ಬರು ತಮ್ಮ ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರ್ ಪೆಟಗಿ ನನಗ ಕೊಟ್ಟರು. ಎಲ್ಲಾ ಸ್ಪೀಕರಿಗೂ ಹಿಂದ ವಾಯರ್ ಹಚ್ಚೂ ತಿರುಪು ಎರಡು, ಇವಕ್ಕ ನಾಕು!

“ಬೈ-ವೈರಿಂಗ್ ಮಾಡ್ರಿ. ಸಣ್ಣ ಧ್ವನಿಗೆ ಒಂದು ವಾಯರು, ದಪ್ಪ ಧ್ವನಿಗೆ ಇನ್ನೊಂದು. ಹಾಡು ಸ್ವಚ್ಛ ಕೇಳಸ್ತೈತಿ. ಗೊತ್ತೈತಲ್ಲ?” ಅಂದ್ರು ಸಾಹೇಬ್ರು.

“ಅಯ್ಯ, ಗೊತ್ತಿಲ್ಲದ ಏನ್ರಿ ಸಾಹೇಬ್ರ!” ಅಂದೆ. ಏನೂ ಗೊತ್ತಿರಲಿಲ್ಲ.

ನನ್ನ ಹೆಂಡತಿ ಮಳಗಿ ಊರಿನ ಕಡಿಯಾಕಿ, ಭತ್ತದ ಸೀಮಿ. ತವರಿನ ಅಕ್ಕಿ ಚೀಲ ಇಡೂ ಜಾಗಾ ಪೆಟಗಿ ಹಿಡದಿದ್ದು ನೋಡಿ ಅಂದ್ಲು, “ರವಿವಾರದ ತನಕ ನೋಡ್ತೇನಿ. ಒಂದು ವಾಯರಿಗೂ ಎರಡು ವಾಯರಿಗೂ ಫರಕು ನನ್ನ ಕಿವಿಗೆ ಗೊತ್ತಾಗಬೇಕು. ಇಲ್ಲಂದ್ರ ಪೆಟಗಿ ಹೊರಗ, ಚೀಲ ಒಳಗ.”

“ಆತು” ಅಂದೆ. ಹಟಕ್ಕ ಬಿದ್ದೆ.

ವಾಯರು

ಹಳಿಯಾಳಕ್ಕ ಹೋಗಿ ಎಲೆಕ್ಟ್ರಿಕ್ ಅಂಗಡ್ಯಾಗ ದಪ್ಪನ್ನ ವಾಯರ್ ಕೇಳಿದೆ.

“ಮೋಟರ್ ಎಷ್ಟು ಎಚ್‌ಪಿ ರೀ?” ಅಂದ ಅಂಗಡಿಯಾಂವ.

“ಬೋರಿಗಲ್ಲೋ ಮಾರಾಯಾ, ಸ್ಪೀಕರಿಗೆ!”

ಅಂವ ನನ್ನ ಮೇಲಿಂದ ಕೆಳಗ ನೋಡಿ ಕೇಳಿದ, “ಎಷ್ಟು ಊರಿಗೆ ಕೇಳಿಸ್ಬೇಕ್ರಿ?”

ಹಿತ್ತಾಳಿ ಪಟ್ಟಿ

ಮ್ಯಾಲಿನ ತಿರುಪಿಗೂ ಕೆಳಗಿನ ತಿರುಪಿಗೂ ನಡುವ ಹಿತ್ತಾಳಿ ಪಟ್ಟಿ ಇದ್ವು. ಎರಡೂ ವಾಯರ್ ಹಚ್ಚಿದೆ, ಏನೂ ಫರಕಿಲ್ಲ. ಮಿಲ್ಲಿನ ವಾಯರ್‌ಮನ್ ಬಂದು ನೋಡಿ ನಕ್ಕ. “ಪಟ್ಟಿ ತಗೀರಿ. ಅದಿದ್ರ ಎರಡೂ ಕೂಡೇ ಬಿಡ್ತಾವಲ್ರಿ.”

ಪಟ್ಟಿ ತಗದೆ. ಯಾವುದು ಯಾವುದಕ್ಕ ಅಂತ ತಿಳಕೊಳ್ಳಾಕ ಮೊದಲು ಮ್ಯಾಲಿಂದಷ್ಟ ಹಚ್ಚಿದೆ, ಬರೇ ಸೊಳ್ಳಿ ಹಂಗ ಗುಂಯ್ ಅಂತು. ಗ್ವಾಡಿ ಆಚೆಯಿಂದ ಬಾಜೂಮನಿ ಮಾವಶಿ ಕೂಗಿದ್ಲು, “ಏನೋ ತಮ್ಮಾ, ಗುಂಗಾಡ ಸಾಕೀಯೇನು?”

ಅದನ್ನ ಬಿಚ್ಚಿ ಕೆಳಗಿಂದಷ್ಟ ಹಚ್ಚಿದೆ, ಧಡ್ ಧಡ್ ಅಂತು. ಮತ್ತ ಮಾವಶಿ ಧ್ವನಿ:

“ಈಗ ಖಾರಾ ಕುಟ್ಟಾಕತ್ತೀ ಹೌದಿಲ್ಲೋ? ನನಗೂ ಒಂದೀಟು ಕೊಡು!”

ಪರೀಕ್ಷಾ

ರವಿವಾರ ಬಂತು. ಹೆಂಡತಿ ನನಗ ಬೆನ್ನು ಮಾಡಿ ಅಕ್ಕಿ ಆರಸ್ಕೋತ ಕುಂತ್ಲು. ನಾನು ಒಮ್ಮೆ ಪಟ್ಟಿ ಹಾಕಿ ಒಂದ ವಾಯರು, ಒಮ್ಮೆ ಪಟ್ಟಿ ತಗದು ಎರಡೂ ವಾಯರು, ಅದ ಹಾಡು ತಿರಗಿ ಮುರಗಿ ಹಚ್ಚಿದೆ. ಖರೇ ಹೇಳ್ತೇನಿ, ನನ್ನ ಕಿವಿಗೆ ಎಳ್ಳಷ್ಟೂ ಫರಕು ಗೊತ್ತಾಗಿರಲಿಲ್ಲ. ಎಷ್ಟು ವಾಯರು ಅಂತ ಆಕಿನ ಹೇಳಬೇಕಿತ್ತು.

“ಒಂದು” ಅಂದ್ಲು. ಬರೋಬ್ಬರಿ!

“ಎರಡು.” ಅದೂ ಬರೋಬ್ಬರಿ!

ಐದು ಸಲ ಕೇಳಿದೆ, ಐದೂ ಸಲ ತಪ್ಪಲಿಲ್ಲ. ನನಗ ಕುಣಿಯೂ ಹಂಗ ಆತು.

“ಇರಲಿ ಬಿಡ್ರಿ, ಪೆಟಗಿ ಗೆದ್ದಾವ” ಅಂದ್ಲು.

“ನಿನ್ನ ಕಿವಿ ಬಂಗಾರದ್ದಲೇ! ಅಷ್ಟು ಸೂಕ್ಷ್ಮ ಹೆಂಗ ಹಿಡದಿ?”

ಮೊರದಾಗಿನ ಅಕ್ಕಿ ಕೇರ್ಕೋತ ಅಂದ್ಲು, “ಹಾಡು ಯಾರ್ ಕೇಳ್ಯಾರ್ರಿ? ಒಂದು ವಾಯರ್ ಇದ್ದಾಗ ನೀವು ‘ಹೇಳು’ ಅಂತಿದ್ರಿ. ಎರಡಿದ್ದಾಗ ‘ಛಲೋತ್ನಾಗಿ ಕೇಳಿ, ವಿಚಾರ ಮಾಡಿ ಹೇಳು’ ಅಂತಿದ್ರಿ.”