ಈಥರ್ ಅಲ್ಲ, ಪನ್ವೇಲ್ ಲೋಕಲ್

ಇಲ್ಲದ್ದನ್ನು ಹುಡುಕುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರು ವಡಾಲದಲ್ಲೇನು, ಇಡೀ ಮುಂಬಯಿಯಲ್ಲೇ ಇಲ್ಲ. ಇದ್ದದ್ದನ್ನು ಹುಡುಕಲು ಮಾತ್ರ, ಅಂದರೆ ಕನ್ನಡಕ, ಚಪ್ಪಲಿ, ಮನೆಯ ಕೀಲಿಕೈ, ಅವರಿಗೆ ಹೆಂಡತಿಯೇ ಬೇಕು!

ಆ ಹೆಂಡತಿ, ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುವವರು, ಈಗ ಹಳಿಗಳ ಆಚೆಗಿನ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ. ನಾಳೆ ಬೆಳಿಗ್ಗೆ ಹೃದಯದ ಆಪರೇಶನ್. ಭರ್ತಿ ಮಾಡಿದ ದಿನ ಬಿಟ್ಟರೆ ಭಾವ ಒಂದು ದಿನವೂ ಅವರನ್ನು ನೋಡಲು ಹೋಗಿಲ್ಲ.

ಇವತ್ತು ಬೆಳಿಗ್ಗೆಯೂ ಎಲ್ಲ ಎಂದಿನಂತೆಯೇ. ನಲ್ಲಿಯಲ್ಲಿ ನೀರು ಬಂತು, ಹಾಲಿನ ಚೀಲ ಬಾಗಿಲಿಗೆ ನೇತಾಡಿತು, ನಮ್ಮವರು ಪೇಪರನ್ನು ಎತ್ತಿಕೊಂಡು ಬಚ್ಚಲಿಗೆ ನಡೆದರು. ನಾನು ಅಕ್ಕನಿಗೆ ಗಂಜಿ ಬೇಯಿಸಲು ಹೊರಟೆ. ಭಾವ ಊಟದ ಮೇಜಿನ ಮೇಲಿನ ಟಬ್ಬಿಗೆ ಮುಖವಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದರು.

“ಕುಕ್ಕರ್ ಇಡ್ಬೇಡ ಮಾರಾಯ್ತಿ, ಪಟ್ಟೆ ಅಲುಗ್ತದೆ!”

ಯಾವ ಪಟ್ಟೆ ಎಂದಿರಾ? ಹೇಳುತ್ತೇನೆ, ನನಗೆ ಅರ್ಥವಾದಷ್ಟು. ಅಂದರೆ ಸ್ವಲ್ಪ.

ಭಾವ ನೈಟ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ವಾದ ಇಷ್ಟೆ: ಅಲೆಗೆ ಸಮುದ್ರ ಬೇಕು, ಸದ್ದಿಗೆ ಗಾಳಿ ಬೇಕು. ಬೆಳಕು ಮಾತ್ರ ಸೂರ್ಯನಿಂದ ಇಲ್ಲಿಯವರೆಗೆ ಏನನ್ನು ಹತ್ತಿಕೊಂಡು ಬರುತ್ತದೆ? ಹಿಂದಿನವರು ಅದಕ್ಕೆ ಈಥರ್ ಎಂದು ಹೆಸರಿಟ್ಟರು. ಹೆಸರಿಟ್ಟ ಮೇಲೆ ಹುಡುಕಿದರು. ಸಿಗಲಿಲ್ಲ. ಮಗು ಹುಟ್ಟುವ ಮೊದಲೇ ನಾಮಕರಣ ಮಾಡಿದರೆ ಇನ್ನೇನಾಗುತ್ತದೆ! ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೆಳಕಿನ ವೇಗವನ್ನು ಬಾಯಿಪಾಠ ಮಾಡಿಸಿದ್ದರು. ಅದು ಏನನ್ನು ಹತ್ತಿಕೊಂಡು ಬರುತ್ತದೆ ಎಂದು ಕೇಳಿದ್ದರೆ ಬೆಂಚಿನ ಮೇಲೆ ನಮ್ಮನ್ನೇ ಹತ್ತಿಸುತ್ತಿದ್ದರು.

ಜಗತ್ತು ಹುಡುಕಿ ಕೈಬಿಟ್ಟದ್ದನ್ನು ಭಾವ ನಮ್ಮ ಊಟದ ಮೇಜಿನ ಮೇಲೆ ಮುಂದುವರಿಸಿದ್ದಾರೆ. ಟಬ್ಬಿನಲ್ಲಿ ನೀರು, ನೀರಿನಲ್ಲಿ ತೇಲುವ, ಹಿಟ್ಟು ಕಲಸುವ ಅಗಲದ ಪರಾತ, ಪರಾತದೊಳಗೆ ನನ್ನ ಅಡುಗೆಮನೆಯ ಕಡಪ ಕಲ್ಲಿನ ತುಂಡು. ಅದರ ಮೇಲೆ ಅಕ್ಕನ ಪೌಡರ್ ಡಬ್ಬಿಗಳಿಂದ ಕಿತ್ತ ಕನ್ನಡಿಗಳು, ಸ್ಟೇಶನ್ ಹೊರಗೆ ಕೊಂಡ ಕೆಂಪು ಲೇಸರ್. ಬೆಳಕು ಎರಡು ಸೀಳಾಗಿ, ಎರಡು ದಿಕ್ಕಿಗೆ ಹೋಗಿ ತಿರುಗಿ ಬಂದು ಒಂದಾದಾಗ ಗೋಡೆಯ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ಪರಾತವನ್ನು ಮೆಲ್ಲನೆ ತಿರುಗಿಸಬೇಕು. ಈಥರ್ ಇದ್ದರೆ ಪಟ್ಟೆ ಸರಿಯುತ್ತದಂತೆ.

ಮೊದಲ ದಿನವೇ ಪಟ್ಟೆಗಳು ಗಡಗಡ ನಡುಗಿದವು. ಭಾವ ಕುಣಿದಾಡಿಬಿಟ್ಟರು. “ಈಥರ್! ಈಥರ್ ಸಿಕ್ಕಿತು ಮಾರಾಯ್ತಿ!”

ಅಕ್ಕ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಲೂ ಇಲ್ಲ. “ಅದು ಈಥರ್ ಅಲ್ಲ, ಪನ್ವೇಲ್ ಲೋಕಲ್.”

ಕಿಟಕಿಯಾಚೆ ಲೋಕಲ್ ರೈಲು ಹಾದುಹೋಗುತ್ತಿತ್ತು!

ಅಕ್ಕನೂ ಪ್ರಯೋಗಗಳಿಂದ ಪಾರಾದವರಲ್ಲ. ಒಮ್ಮೆ ಭಾವ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಹೊರಡುತ್ತಿದ್ದ ಲೋಕಲಿನ ಬಾಗಿಲಿನಿಂದ ನೇರ ತನ್ನೆದುರಿಗೇ ಒಂದು ಬಟಾಟೆ ವಡೆ ಬೀಳಿಸುವಂತೆ ಅಕ್ಕನಿಗೆ ಹೇಳಿದ್ದರು. ವಡೆ ಎದುರಿಗೆ ಬೀಳದೆ ರೈಲಿನ ಜೊತೆಗೇ ಮುಂದೆ ಹಾರಿ ಟಿ.ಸಿ.ಯ ಕರಿ ಕೋಟಿಗೆ ಅಪ್ಪಳಿಸಿತು. “ನೋಡಿದ್ಯಾ, ವಡೆಗೆ ರೈಲಿನ ವೇಗ ಸೇರ್ತದೆ! ಬೆಳಕಿಗೆ ಸೇರುದಿಲ್ಲ!” ಎಂದು ಭಾವ ಕೂಗಿದರು. ಟಿ.ಸಿ. ಚಟ್ನಿ ಒರೆಸಿಕೊಳ್ಳುತ್ತ ಬಂದರು. “ಸಾಬ್, ಯೇ ತೋ ಪ್ರಯೋಗ್ ಹೈ,” ಎಂದರು ಭಾವ. “ಪ್ರಯೋಗ್ ಕಾ ಭೀ ಪ್ಲಾಟ್‌ಫಾರ್ಮ್ ಟಿಕೆಟ್ ಲಗತಾ ಹೈ. ದಿಖಾಓ!” ಎಂದರು ಟಿ.ಸಿ.

ಟಿಕೆಟ್ ಎಲ್ಲಿತ್ತು? ಅಕ್ಕನ ಪರ್ಸಿನಲ್ಲಿ. ಅಕ್ಕ ಎಲ್ಲಿದ್ದರು? ಮುಂದಿನ ಸ್ಟೇಶನ್ನಿನಲ್ಲಿ!

ನನ್ನ ಗೊಂದಲ ಇರುವುದೂ ಆ ‘ಬೆಳಕಿಗೆ ಸೇರುದಿಲ್ಲ’ ಎಂಬಲ್ಲೇ. ನಾವು ಬೆಳಕಿನ ಎದುರಿಗೆ ಓಡಿದರೂ, ಬೆನ್ನು ತಿರುಗಿಸಿ ಓಡಿದರೂ ಅದು ಒಂದೇ ವೇಗದಲ್ಲಿ ನಮ್ಮನ್ನು ತಲುಪುತ್ತದಂತೆ. ಇದು ಹೇಗೆ ಸಾಧ್ಯ? ಹಾಗಿರುವುದು ನಮ್ಮ ಮನೆಗೆಲಸದವಳು ಒಬ್ಬಳೇ ಎಂದುಕೊಂಡಿದ್ದೆ. ಬೈದರೂ ಹೊಗಳಿದರೂ ಅದೇ ವೇಗ! ಇನ್ನೊಂದು, ಈಥರ್ ಸಿಗದಿದ್ದದ್ದೇ ದೊಡ್ಡ ಫಲಿತಾಂಶವಂತೆ. ದೀಪಾವಳಿಯಲ್ಲಿ ನನ್ನ ಓಲೆ ಕಳೆದು, ಮನೆಯೆಲ್ಲ ಜಾಲಾಡಿಯೂ ಸಿಗದಿದ್ದಾಗ ನನಗೆ ಯಾರೂ ಶಹಬ್ಬಾಸ್ ಅನ್ನಲಿಲ್ಲವಲ್ಲ!

ಇರಲಿ. ಅಕ್ಕನನ್ನು ಭರ್ತಿ ಮಾಡಿದ ದಿನ ಭಾವನೂ ಬಂದಿದ್ದರು. ವಾರ್ಡಿನ ಬಾಗಿಲಲ್ಲಿ ಸ್ಟ್ರೆಚರ್ ಕಂಡದ್ದೇ ತಡ, ತಲೆ ತಿರುಗಿ ಕುಸಿದರು. ನರ್ಸು ಅವರನ್ನು ಅಕ್ಕನ ಹಾಸಿಗೆಯಲ್ಲೇ ಮಲಗಿಸಿದಳು. ರೋಗಿ ಪಕ್ಕದಲ್ಲಿ ನಿಂತು ಗಾಳಿ ಬೀಸಿದರು! “ನೀವಿನ್ನು ಬರ್ಬೇಡಿ. ಮನೆಗೊಂದು ಪೇಶಂಟ್ ಸಾಕು,” ಎಂದು ಅಕ್ಕನೇ ಅಪ್ಪಣೆ ಕೊಟ್ಟರು. ಹಾಗೆಂದವರು ಪ್ರತಿದಿನ ನನ್ನ ಬೆನ್ನ ಹಿಂದೆ ಬಾಗಿಲ ಕಡೆ ಇಣುಕುವುದೇಕೆ? “ಒಬ್ಳೇ ಬಂದ್ಯಾ?” ಎಂದು ಕೇಳುವುದೇಕೆ?

ಅದಕ್ಕೇ ಇವತ್ತು ಗಂಜಿ ಡಬ್ಬಿ ಹಿಡಿದು ಧೈರ್ಯ ಮಾಡಿದೆ. “ಭಾವ, ನಾಳೆ ಆಪರೇಶನ್. ಇವತ್ತಾದ್ರೂ ಬನ್ನಿ.”

ಅವರು ಟಬ್ಬಿನಿಂದ ಮುಖವೆತ್ತಲಿಲ್ಲ. ಆದರೆ ಲೇಸರ್ ಹಚ್ಚಿರಲಿಲ್ಲ, ಗೋಡೆಯ ಮೇಲೆ ಪಟ್ಟೆಯೇ ಇರಲಿಲ್ಲ. “ನನ್ನಿಂದ ಆಗುದಿಲ್ಲ,” ಎಂದರು. ಪರಾತವನ್ನು ಮೆಲ್ಲನೆ ತಿರುಗಿಸುತ್ತ, “ಅವಳಿಗೆ ಹೇಳು, ಮಧ್ಯದಲ್ಲಿ ಎಂತದೂ ಇಲ್ಲದಿದ್ರೂ ಅದು ತಲುಪ್ತದೆ ಅಂತ,” ಎಂದರು.

ನಾಳೆ ಎದೆ ಕೊಯ್ಯಿಸಿಕೊಳ್ಳುವ ಹೆಂಗಸಿಗೆ ಹೇಳುವ ಮಾತೇ ಇದು? ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಹೊರಡುವಾಗ ಅಕ್ಕನ ಫೋನು. “ನನ್ನ ತಲೆದಿಂಬಿನ ಅಡಿಯಲ್ಲಿ ಟಾರ್ಚ್ ಉಂಟು, ತಾ. ಸೆಲ್ ಹೊಸತು ಹಾಕು.” ಕರೆಂಟೇ ಹೋಗದ ಆಸ್ಪತ್ರೆಯಲ್ಲಿ ಟಾರ್ಚ್! ಅಲ್ಲಿ ನೋಡಿದರೆ ನರ್ಸಿನ ಹತ್ತಿರ ಜಗಳವಾಡಿ ಹಳಿಗಳ ಕಡೆಯ ಕಿಟಕಿ ಪಕ್ಕದ ಹಾಸಿಗೆಯನ್ನೂ ಹಿಡಿದಿದ್ದರು. ಏಸಿ ಕೋಣೆಯಲ್ಲಿ ತೆರೆಯದ ಕಿಟಕಿ ಯಾಕೆ? ಸಂಕೋಚದಿಂದಲೇ ಭಾವನ ಮಾತನ್ನು ಒಪ್ಪಿಸಿದೆ. ಅಕ್ಕ ಗಂಜಿ ಕಲಕುತ್ತ, “ಹುಚ್ಚು,” ಎಂದರು. ಗಂಜಿ ಪೂರ್ತಿ ಕುಡಿದರು. ಗಂಡನಂತೆ ಹೆಂಡತಿ, ನನಗಂತೂ ತಲೆಬುಡ ತಿಳಿಯಲಿಲ್ಲ.

ಸಂಜೆ ಕತ್ತಲಾಗುವ ಹೊತ್ತಿಗೆ ಮನೆಗೆ ಮರಳಿದೆ. ಮೇಜು ಖಾಲಿ, ಭಾವ ಇಲ್ಲ. ಬಾಗಿಲಲ್ಲಿ ಅವರ ಚಪ್ಪಲಿಯೂ ಇಲ್ಲ. ಈಚೆಗೆ ಆ ಚಪ್ಪಲಿಯ ಅಡಿಗೆ ದಿನಾ ಟೆರೇಸಿನ ಸುಣ್ಣ ಮೆತ್ತಿಕೊಂಡಿರುವುದನ್ನು ಕಂಡಿದ್ದೆ. ಗಾಳಿಗೆ ಹೋಗುತ್ತಾರೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಮೇಲಿನ ಮಹಡಿಯ ವಿಜಾಪುರದ ಕಾಕು ಒಣಗಿದ ಬಟ್ಟೆಗಳನ್ನು ಹೆಗಲ ಮೇಲೆ ಹೊತ್ತು ಟೆರೇಸಿನಿಂದ ಇಳಿದು ಬಂದರು.

“ನಿಮ್ಮ ಭಾವಾರು ದಿನಾ ಸಂಜಿಕ ಆ ದವಾಖಾನಿ ಕಡೆ ಬ್ಯಾಟರಿ ಹೊಡಕೋತ ನಿಂದರತಾರಲ್ರಿ,” ಎಂದರು, ಜಾರುತ್ತಿದ್ದ ಟವೆಲ್ಲನ್ನು ಮೇಲೆಳೆದುಕೊಳ್ಳುತ್ತ. “ಇವತ್ತ ನೋಡ್ರಿ, ಅಲ್ಲಿ ಕಿಟಕಿಯಿಂದನೂ ಯಾರೋ ಹೊಳ್ಳಿ ಬ್ಯಾಟರಿ ಹೊಡದ್ರು. ಎಲ್ಲಾ ಕಡೆನೂ ಹುಚ್ಚರು ಇರ್ತಾರ ಬಿಡ್ರಿ!”