ಇಸ್ತ್ರಿ ಹಾಕಿದ ಟೀ ಶರ್ಟು

ಶಿವರುದ್ರಸ್ವಾಮಿಯ ಸಂಸಾರ ಶುರುವಾಗುವ ಮೊದಲೇ ಕೆಟ್ಟದ್ದು ಒಂದು ಟೀ ಶರ್ಟಿನಿಂದ. ಹಸಿರು ಬಣ್ಣದ್ದು. ಬೆನ್ನ ಮೇಲೆ ‘ಚಿಟಿಕೆ’ ಎಂದು ದಪ್ಪಕ್ಷರ, ಕೆಳಗೆ ‘ಹೊಡೆದರೆ ಬಂದೆವು’ ಎಂಬ ಭರವಸೆ. ಆ ಬೆಳಿಗ್ಗೆ ಅದನ್ನು ಬಿಚ್ಚಿ ಮೂಲೆಗೆ ಎಸೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪುಣ್ಯಾತ್ಮ ಎಸೆಯಲಿಲ್ಲ, ಇಸ್ತ್ರಿ ಹಾಕಿದ.

ಚಿಟಿಕೆ ಎಂದರೆ ಮನೆಮನೆಗೆ ಸಾಮಾನು ತಲುಪಿಸುವ ಕಂಪನಿ. ಗುಂಡ್ಲುಪೇಟೆಗೆ ಬಂದಾಗ ಅದೊಂದೇ ಇತ್ತು. ಆಮೇಲೆ ಕೆಂಪು ಅಂಗಿಯ ಕಂಪನಿ ಬಂತು, ಅದರ ಬೆನ್ನಿಗೇ ಹಳದಿ ಅಂಗಿಯದು. ಒಂದೊಂದು ಶಾಂಪೂ ಪೊಟ್ಟಣ ಹಿಡಿದ ಮೂರು ಬಣ್ಣದ ಹುಡುಗರು ಒಂದೇ ಓಣಿಯಲ್ಲಿ ಡಿಕ್ಕಿ ಹೊಡೆಯುವ ಕಾಲ ಬಂತು. ಒಬ್ಬರು ಅರ್ಧ ಬೆಲೆಗೆ ಕೊಟ್ಟರೆ ಇನ್ನೊಬ್ಬರು ಅದಕ್ಕೂ ಕಡಿಮೆಗೆ ಕೊಟ್ಟರು. ಮೈಯಲ್ಲಿ ಕಸುವಿದ್ದವರು ಅಖಾಡದಲ್ಲಿ ಉಳಿದರು, ಚಿಟಿಕೆ ಮಣ್ಣು ಕೊಡವಿಕೊಂಡು ಎದ್ದು ಹೋಯಿತು. ಅದೂ ಆ್ಯಪಿನಲ್ಲಿ ಒಂದು ಮೆಸೇಜು ಹಾಕಿ.

‘ಪ್ರಿಯ ಪಾಲುದಾರರೇ, ತೀವ್ರ ಸ್ಪರ್ಧೆಯ ಕಾರಣ ಚಾಮರಾಜನಗರ ಜಿಲ್ಲೆಯಿಂದ ನಾವು ಹಿಂದೆ ಸರಿಯುತ್ತಿದ್ದೇವೆ. ಇಂದಿನಿಂದ ನಿಮ್ಮ ಸೇವೆಯ ಅಗತ್ಯವಿಲ್ಲ. ಸದಾ ನಗುತ್ತಿರಿ.’

ನಗುತ್ತಿರಿ ಎಂಬುದನ್ನು ಓದುವಾಗ ರುದ್ರನಿಗೆ ಅಳು ಬಂತು. ಮನೆಯಲ್ಲೂ ಓಣಿಯಲ್ಲೂ ಅವನು ರುದ್ರನೇ, ಪೂರ್ತಿ ಹೆಸರು ಕಂಪನಿಯ ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ತಕ್ಷಣ ಚಾಮರಾಜನಗರದ ಸೂಪರ್‌ವೈಸರಿಗೆ ಫೋನು ಮಾಡಿದ.

“ಸಾರ್, ಇದೇನ್ ಸಾರ್ ಹಿಂಗೆ?”

“ನನ್ನೇನ್ ಕೇಳ್ತೀಯಪ್ಪ, ನಂಗೂ ಅದೇ ಮೆಸೇಜು. ಗೋಡೌನ್ ಮುಂದೆ ನಿಂತಿವ್ನಿ. ಬೀಗ ಜಡ್ದವ್ರೆ. ನನ್ನ ಟಿಫನ್ ಡಬ್ಬಿ ಒಳಗೇ ಸೇರ್ಕೊಂಡ್‌ಬುಡ್ತು ಕಣಪ್ಪ,” ಎಂದು ಸೂಪರ್‌ವೈಸರು ಮೂಗೆಳೆದರು. ರುದ್ರನೇ ಅವರಿಗೆ ಸಮಾಧಾನ ಹೇಳಿ ಫೋನಿಟ್ಟ.

ಆಗಲೇ ಅಡುಗೆಮನೆಯಿಂದ ಅವನ ತಾಯಿ ಪುಟ್ಟಬಸಮ್ಮ ಇನ್ನೊಂದು ಫೋನು ಹಿಡಿದು ಓಡಿಬಂದಳು. “ಲೋ ಮಗಾ, ತೆರಕಣಾಂಬಿ ಶಾಂತಮಲ್ಲಪ್ಪನೋರು ಇವತ್ತೇ ಬತ್ತಾರಂತೆ ಕಣ್ಲಾ! ನಿನ್ನ ನೋಡಕ್ಕೆ!”

ಶಾಂತಮಲ್ಲಪ್ಪನವರದು ತೆರಕಣಾಂಬಿಯಲ್ಲಿ ತರಕಾರಿ ಮಂಡಿ, ಊರಾಚೆ ಚೆಂಡುಹೂವಿನ ಹೊಲ, ಒಬ್ಬಳೇ ಮಗಳು ಕಾವ್ಯಶ್ರೀ. ಪುಟ್ಟಬಸಮ್ಮ ಸಂಬಂಧದ ಮಾತು ಎತ್ತಿದಾಗಿನಿಂದಲೂ “ನೋಡನ, ನೋಡನ” ಎಂದು ದೂಡುತ್ತಲೇ ಬಂದಿದ್ದ ಮನುಷ್ಯ. ಈವತ್ತೇ ಯಾಕೆ ನೆನಪಾಯಿತು ಎಂದು ಕೇಳುವ ಬುದ್ಧಿ ರುದ್ರನಿಗೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ತೆರಕಣಾಂಬಿಗೂ ಡೆಲಿವರಿಗೆ ಹೋಗುತ್ತಿದ್ದ ರುದ್ರ ಕಾವ್ಯಶ್ರೀಯನ್ನು ಬಲ್ಲ. ಒಂದೇ ಸಲ ತರಿಸಬಹುದಾದ ಸಾಮಾನನ್ನು ಒಂದೊಂದಾಗಿ ತರಿಸುವ ಹುಡುಗಿ. ಈ ವಾರ ಟೀ ಜರಡಿ, ಮುಂದಿನ ವಾರ ಹೇರ್ ಕ್ಲಿಪ್ಪು, ಅದರ ಮುಂದಿನ ವಾರ ಇನ್ನೊಂದು ಟೀ ಜರಡಿ. ಒಂದು ಮನೆಗೆ ಎಷ್ಟು ಟೀ ಜರಡಿ ಬೇಕು ಸ್ವಾಮಿ? ಪೊಟ್ಟಣ ಇಸಿದುಕೊಂಡು, “ಬಿಸ್ಲಾಗೆ ಬಂದಿದ್ದೀರ, ಮಜ್ಜಿಗೆ ಕುಡ್ಕೊಂಡು ಓಗಿ” ಎನ್ನುವಳು. ರುದ್ರ ಕುಡಿದು ಲೋಟ ಇಟ್ಟು, “ಬತ್ತೀನಿ” ಎನ್ನುವನು. ಅಷ್ಟೇ. ಗಿರಾಕಿಯ ನಂಬರು ಡೆಲಿವರಿಯವರಿಗೆ ಕಾಣದಂತೆ ಕಂಪನಿ ಮುಚ್ಚಿಟ್ಟಿರುತ್ತದೆ. ಆ್ಯಪಿನಲ್ಲಿ ಗುಂಡಿ ಒತ್ತಿದರೆ ಅದೇ ಕರೆ ಜೋಡಿಸುತ್ತದೆ. ಹೀಗಾಗಿ ಅವಳ ನಂಬರು ಅವನ ಬಳಿ ಇರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

“ಕೆಲ್ಸ ಹೋಯ್ತು ಅಂತ ಗೊತ್ತಾದ್ರೆ ಬಾಗ್ಲಿಂದ್ಲೇ ವಾಪಸ್ ಹೊಂಟೋಯ್ತರೆ ಕಣವ್ವ,” ಎಂದ ರುದ್ರ. ತಾಯಿ ಒಪ್ಪಿದಳು. ಈ ಸೀಮೆಯಲ್ಲಿ ಹೊಲ ಉಳುವ ಹುಡುಗರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಿರುವಾಗ, ಹೊಲವೂ ಇಲ್ಲದ ಕೆಲಸವೂ ಇಲ್ಲದ ಹುಡುಗನನ್ನು ಯಾರು ಕೇಳುತ್ತಾರೆ? ಅದಕ್ಕೇ ಟೀ ಶರ್ಟಿಗೆ ಇಸ್ತ್ರಿ ಬಿತ್ತು.

ಆದರೆ ಟೀ ಶರ್ಟೊಂದೇ ಸಾಲದು. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಕೇಳಿದ್ದನ್ನು ನಂಬುವುದಿಲ್ಲ, ಓಣಿಯಲ್ಲಿ ಕೇಳಿದ್ದನ್ನು ನಂಬುತ್ತಾರೆ. ರುದ್ರ ಮೊದಲು ಎದುರು ಮನೆಯ ಬೆಟ್ಟಯ್ಯನ ಹತ್ತಿರ ಓಡಿದ. ಬೆಟ್ಟಯ್ಯ ನಿವೃತ್ತ ಬಸ್ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಇನ್ನೂ ಜಾಗವಿದೆ ಎಂದು ಜನರನ್ನು ನಂಬಿಸಿ ಪಳಗಿದ ನಾಲಗೆ.

“ಬೆಟ್ಟಯ್ಯಣ್ಣ, ಕೆಲ್ಸ ಅದೆ ಅಂತ ಒಂದೇ ಒಂದ್ ಮಾತು ಅಂದ್ಬುಡಣ್ಣ. ಅದ್ರ ಮ್ಯಾಕೆ ಏನೂ ಬ್ಯಾಡ.”

“ನಂಗೇ ಏಳ್ಕೊಡ್ತೀಯೇನ್ಲಾ? ನೀನು ಒಳಗೋಗಿ ತಲೆ ಬಾಚ್ಕೊ ಓಗು.”

ಮೂಲೆಯಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದ ಯಶೋದಮ್ಮನಿಗೂ ಇದೇ ಕೋರಿಕೆ ಸಲ್ಲಿಸಿದ. “ನಮ್ಮ ಓಣಿ ಉಡ್ಗ, ಬುಟ್‌ಕೊಟ್ಟೇನಾ?” ಎಂದು ಅವಳು ಸೌಟು ಎತ್ತಿ ಅಭಯ ಕೊಟ್ಟಳು.

ಬಿಸಿಲೇರುವ ಹೊತ್ತಿಗೆ ಶಾಂತಮಲ್ಲಪ್ಪ ಬಸ್ಸಿಳಿದು ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲು. ರುದ್ರ ಊಹಿಸಿದಂತೆಯೇ ಮನೆಗೆ ಬಾರದೆ ಇಡ್ಲಿ ಅಂಗಡಿಯ ಮುಂದೆ ನಿಂತರು. ರುದ್ರ ಕಿಟಕಿಯ ಸಂದಿಗೆ ಕಿವಿ ಕೊಟ್ಟ.

“ಆ ಉಡ್ಗನಾ ಸ್ವಾಮಿ? ಪುರ್‌ಸೊತ್ತೇ ಇಲ್ಲ ಪಾಪ! ನನ್ನ ಅಂಗ್ಡೀಲಿ ಒಂದಿಡ್ಲಿ ಬಾಯ್ಗಿಕ್ಕೋವಷ್ಟ್ರಲ್ಲಿ ಕಂಪ್ನಿಯೋರ ಮೆಸೇಜು. ಬೆಳಗ್ಗೆ ಕೂಡ ಬಂದಿತ್ತು,” ಎಂದಳು ಯಶೋದಮ್ಮ. ಕೊನೆಯ ಮಾತೊಂದು ನಿಜವೇ ಆಗಿತ್ತು.

ಶಾಂತಮಲ್ಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಬೆಟ್ಟಯ್ಯನ ಜಗುಲಿಗೆ ಬಂದರು. “ಅಲ್ಲ, ಆ ಕಂಪ್ನಿ ಮುಚ್ತರೆ ಅಂತ ಇವತ್ತು ಪೇಪರ್ನಾಗೆ ಬಂದಿತ್ತಲ್ಲ?”

ಪೇಪರಿನ ಸುದ್ದಿ ರುದ್ರ ಹೇಳಿಕೊಟ್ಟಿರಲಿಲ್ಲ. ಆದರೆ ಕಂಡಕ್ಟರ್ ಸುಮ್ಮನಾದಾನೆಯೇ?

“ಮುಚ್ಚವ್ರೆ ಸ್ವಾಮಿ, ಎಲ್ಲಾರ್ನೂ ಮನೆಗ್ ಕಳ್ಸವ್ರೆ. ಇವ್ನೊಬ್ಬುನ್ನ ಬುಟ್ಟು! ಇಂತಾ ಕೆಲ್ಸಗಾರ ಸಿಕ್ಕಲ್ಲ ಅಂತ ಬೆಂಗಳೂರ್‌ಗೆ ಕರುಸ್ಕೊತಾವ್ರೆ. ಇರಕ್ಕೆ ಮನೆ, ಓಡಾಡಕ್ಕೆ ಕಾರು. ಇನ್ನು ಈ ಕಡೆ ತಲೆ ಹಾಕಲ್ಲ ಬುಡಿ. ಇವ್ನ ಜೊತೆ ಸಾಗರ ಅಂತ ಒಬ್ಬ ಇದ್ದ, ನಿಮ್ಮೋರೇ. ಸೋಂಬೇರಿ. ಅಂತೋರ್ನೆಲ್ಲ ತೆಗ್ದು ಬಿಸಾಕವ್ರೆ.”

ಕಿಟಕಿಯ ಹಿಂದೆ ರುದ್ರ ಹಣೆ ಚಚ್ಚಿಕೊಂಡ. ಒಂದು ಮಾತು ಕೇಳಿದರೆ ಈ ಮನುಷ್ಯ ಬೆಂಗಳೂರಿನಲ್ಲಿ ಮನೆಯನ್ನೇ ಕಟ್ಟಿಸಿಬಿಟ್ಟಿದ್ದ. ಆದರೆ ಶಾಂತಮಲ್ಲಪ್ಪನವರ ತಲೆ ಬಾಗಿದ್ದು ಕಂಡು ಸಮಾಧಾನವಾಯಿತು. ಗೌರವದ ಭಾರಕ್ಕೇ ಬಾಗಿದೆ ಎಂದುಕೊಂಡ.

ಒಳಗೆ ಬಂದ ಶಾಂತಮಲ್ಲಪ್ಪ ಚಾಪೆಯ ಮೇಲೆ ಕೂತು ಉಪ್ಪಿಟ್ಟಿನ ತಟ್ಟೆಯಲ್ಲಿ ಬೆರಳಾಡಿಸಿದರು. ತಿನ್ನಲಿಲ್ಲ. “ನಿಜ ಏಳಪ್ಪ, ನನ್ ತಾವ ಸಂಕೋಚ ಬ್ಯಾಡ. ಕೆಲ್ಸ ಓಗಿದ್ರೆ ಓಯ್ತು ಅನ್ನು. ಅದ್ರಲ್ಲಿ ನಾಚ್ಕೆ ಪಡೋದು ಏನಿಲ್ಲ.”

ಎಂಥ ಮಾತು! ಕೇಳಿದವನಿಗೆ ಕರುಣೆ ಬರಬೇಕು, ರುದ್ರನಿಗೆ ಅನುಮಾನ ಬಂತು. ಬಾಯಿ ಬಿಡಿಸಲು ನೋಡುತ್ತಿದ್ದಾರೆ ಎಂದುಕೊಂಡು ಎದ್ದು ನಿಂತು, ಸುತ್ತ ತಿರುಗಿ, ಬೆನ್ನು ತೋರಿಸಿದ.

“ಕೆಲ್ಸ ಹೋಗಿದ್ರೆ ಇದ್ನ ಯಾಕ್ ಹಾಕೋತಿದ್ದೆ ಮಾವ?”

ಮಾವ ಎಂದದ್ದಕ್ಕೆ ನಾಲಗೆ ಕಚ್ಚಿಕೊಂಡ. ಶಾಂತಮಲ್ಲಪ್ಪ ಮಾತ್ರ ತೋಳಿನ ಇಸ್ತ್ರಿ ಗೆರೆಯನ್ನು ಬೆರಳಿಂದ ಮುಟ್ಟಿ ನೋಡಿದರು. “ಇಸ್ತ್ರಿ ಬ್ಯಾರೆ ಆಕಿದ್ದೀಯ,” ಎಂದು ನಿಟ್ಟುಸಿರು ಬಿಟ್ಟರು. ತಟ್ಟೆ ಪಕ್ಕಕ್ಕೆ ಸರಿಸಿ, “ಆ ಸಾಗರ ಅನ್ನೋ ಉಡ್ಗನ ಮನೆ ಎಲ್ಲಪ್ಪ?” ಎಂದರು.

ಪುಟ್ಟಬಸಮ್ಮ ಮಗನಿಗೆ ಕಣ್ಸನ್ನೆ ಮಾಡಿ ಹಿತ್ತಲಿಗೆ ಕರೆದಳು. “ನಿನ್ ಇಚಾರಣೆಗೇ ಕಣ್ಲಾ. ಜೊತೇಲಿ ಕೆಲ್ಸ ಮಾಡ್ದೋನ್ನ ಕೇಳ್ತರೆ. ಮೊದ್ಲು ಅವ್ನಿಗ್ ಫೋನ್ ಮಾಡು.”

ರುದ್ರ ಮಾಡಿದ. “ಲೋ ಸಾಗರ, ನಿನ್ ಕೆಲ್ಸ ಮಾತ್ರ ಹೋಯ್ತು ಅನ್ನು. ನಂದು ಅದೆ ಅನ್ನು. ನನ್ನ ಮದ್ವೆ ನಿನ್ನ ಕೈಲದೆ ಕಣ್ಲಾ.”

“ನಿಂಗೆ ಒಳ್ಳೇದಾಗೋದಾದ್ರೆ ಅಂತೀನಿ ಬುಡ್ಲಾ,” ಎಂದ ಸಾಗರ. ನಿಜವಾದ ಗೆಳೆಯ. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ, ಅದೇ ಕಷ್ಟ.

ಶಾಂತಮಲ್ಲಪ್ಪನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ರುದ್ರ ಹೊರಟ. ಕೇರಳಕ್ಕೆ ಟೊಮೇಟೊ ಹೊತ್ತ ಲಾರಿಗಳ ನಡುವೆ ನುಸುಳಿ, ಯಾರೂ ಅರಿಯದ ಅಡ್ಡದಾರಿ ಹಿಡಿದು, ಗುಂಡಿ ಬಂದಲ್ಲಿ ಮೆಲ್ಲಗೆ ಇಳಿಸಿ, ಒಡೆಯುವ ಸಾಮಾನು ಸಾಗಿಸುವವನಂತೆ ನಾಜೂಕಾಗಿ ಓಡಿಸಿದ. “ಊರೂರು ದಾರಿ ಚೆನ್ನಾಗ್ ತಿಳ್ದದೆ ನಿಂಗೆ,” ಎಂದರು ಹಿಂದಿನಿಂದ. ಯಾಕೋ ಆ ಮಾತಿನಲ್ಲಿ ದುಃಖವಿತ್ತು.

ಸಾಗರ ಮನೆ ಮುಂದೆ ಲುಂಗಿ ಎತ್ತಿ ಕಟ್ಟಿ ಬೈಕು ಒರೆಸುತ್ತಿದ್ದ. ಕೈಯಲ್ಲಿದ್ದ ಒರೆಸುವ ಬಟ್ಟೆ ಹಸಿರು ಬಣ್ಣದ್ದು, ಮೇಲೆ ‘ಹೊಡೆದರೆ ಬಂದೆವು’. ಅದನ್ನು ಕಂಡದ್ದೇ ಶಾಂತಮಲ್ಲಪ್ಪನವರ ಮುಖ ಅರಳಿತು. “ನೀನು ಇಲ್ಲೇ ಇರಪ್ಪ,” ಎಂದು ಒಳಗೆ ಹೋದರು. ತನ್ನ ವಿಚಾರಣೆ ತನ್ನೆದುರಿಗೆ ನಡೆಯಬಾರದಲ್ಲವೇ? ರುದ್ರ ಎದುರಿನ ಟೀ ಅಂಗಡಿಯಲ್ಲಿ ಕಾದ. ಇಷ್ಟು ಹೊತ್ತು ಮಾತಾಡುತ್ತಿದ್ದಾರೆ ಎಂದರೆ ಸಾಗರ ನನ್ನನ್ನು ಚೆನ್ನಾಗಿ ಹೊಗಳುತ್ತಿದ್ದಾನೆ ಎಂದು ಖುಷಿಪಟ್ಟು ಇನ್ನೊಂದು ಟೀ ಕುಡಿದ.

ಕೊನೆಗೆ ಶಾಂತಮಲ್ಲಪ್ಪ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಹೊರಬಂದರು. ಹಿಂದೆ ಬಾಗಿಲಲ್ಲಿ ಸಾಗರ. ಅವನು ರುದ್ರನ ಕಡೆ ನೋಡಲಾರದೆ ನೆಲ ನೋಡುತ್ತಿದ್ದ.

“ಉಪ್ಕಾರ ಆಯ್ತಪ್ಪ ನಿನ್ನಿಂದ,” ಎಂದು ಶಾಂತಮಲ್ಲಪ್ಪ ರುದ್ರನ ಕೈ ಹಿಡಿದರು. “ನಂಗೆ ಒಬ್ಳೇ ಮಗ್ಳು. ಮಂಡಿ, ಹೊಲ ನೋಡ್ಕೊಂಡು ನಮ್ ಮನೇಲೇ ಇರೋ ಅಳೀಮಯ್ಯ ಬೇಕಾಗಿತ್ತು. ಕೆಲ್ಸ ಇರೋನು ಬಂದಾನಾ? ಅದ್ಕೇ ನಿಮ್ಮವ್ವುಂಗೆ ನೋಡನ ನೋಡನ ಅಂತಿದ್ದೆ. ಬೆಳಗ್ಗೆ ಪೇಪರ್ ಓದಿ ಮಗ್ಳೇ ಅಂದ್ಲು, ‘ಅಪ್ಪಾ, ಅವ್ರ ಕೆಲ್ಸ ಓಯ್ತು, ಈಗ ಓಗಿ ಕೇಳು’ ಅಂತ. ಓಡೋಡಿ ಬಂದೆ. ಏನ್ ಮಾಡದು, ನಮ್ ಹಣೇಲಿ ಇರ್ಲಿಲ್ಲ. ನಿಂಗೆ ಕೆಲ್ಸ ಅದೆ.”

ರುದ್ರ ಅವರ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. “ಇಲ್ಲ ಸ್ವಾಮಿ! ನನ್ ಕೆಲ್ಸಾನೂ ಹೋಯ್ತು! ದೇವ್ರಾಣೆಗೂ ಹೋಯ್ತು!”

“ಹಂಗನ್ಬ್ಯಾಡಪ್ಪ. ನನ್ ಮನ್ಸ್ ನೋಯ್ಬಾರ್ದು ಅಂತ ಇರೋ ಕೆಲ್ಸಾನ ಇಲ್ಲ ಅಂತೀಯ. ದೊಡ್ ಮನ್ಸು ನಿಂದು.”

“ಮೆಸೇಜ್ ತೋರುಸ್ತೀನಿ, ತಡೀರಿ!” ರುದ್ರ ಫೋನು ತೆಗೆದು ಆ್ಯಪು ಒತ್ತಿದ. ಕಂಪನಿ ಅಷ್ಟರಲ್ಲಿ ಅವನ ಹೆಸರನ್ನೇ ಅಳಿಸಿ ಹಾಕಿತ್ತು. ತೆರೆಯ ಮೇಲೆ ಒಂದು ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಅವನು ಸಾಗರನತ್ತ ಕೂಗಿದ, “ಲೋ, ಹೇಳ್ಲಾ ನೀನಾದ್ರೂ!”

“ಹೇಳ್ದೆ ಕಣ್ಲಾ, ಆಗ್ಲಿಂದ ಹೇಳ್ತಾ ಇವ್ನಿ,” ಎಂದ ಸಾಗರ ಅಳುವ ದನಿಯಲ್ಲಿ. “ಮೊದ್ಲು ನೀ ಹೇಳಿದ್ದೇ ಹೇಳ್ದೆ. ಆಮೇಲೆ ವಿಷ್ಯ ತಿಳ್ದು ನಿಜ ಹೇಳ್ದೆ. ನಂಬ್ತಾ ಇಲ್ಲ. ಮಗ್ಳ ನಂಗೇ ಕೊಡ್ತರಂತೆ, ನಮ್ಮಪ್ಪ ಒಪ್ಪಿ ಎಲೆ ಅಡಿಕೆ ಕೊಟ್ಬುಟ್ಟ.”

“ಮಾತು ಮುಗೀತು ಬುಡಪ್ಪ,” ಎಂದರು ಶಾಂತಮಲ್ಲಪ್ಪ. “ಮಗ್ಳಿಗೂ ಫೋನ್ ಮಾಡ್ದೆ. ‘ಅವ್ರು ಬೆಂಗಳೂರ್‌ಗೆ ಓಯ್ತರಂತೆ ಕಣವ್ವ, ಮನೆ, ಕಾರು ಎಲ್ಲ ಕೊಡ್ತರಂತೆ’ ಅಂದೆ. ತುಂಬ ಹೊತ್ತು ಸುಮ್ಗಿದ್ಲು. ಆಮೇಲೆ ‘ಒಳ್ಳೇದಾಗ್ಲಿ ಅವ್ರಿಗೆ. ಇನ್ನು ನಿನ್ನಿಷ್ಟ ಅಪ್ಪ’ ಅಂದ್ಲು.”

ರುದ್ರನಿಗೆ ಆ ಸುಮ್ಮನಿದ್ದ ಹೊತ್ತು ಕೇಳಿಸಿತು. ಅಷ್ಟೊಂದು ಟೀ ಜರಡಿಗಳು ನೆನಪಾದವು. ಸುತ್ತುವ ಚಕ್ರದ ಹಿಂದೆಲ್ಲೋ ಅವಳ ನಂಬರಿತ್ತು, ಅದೂ ಕಂಪನಿಯ ಜೊತೆಗೇ ಹಿಂದೆ ಸರಿದಿತ್ತು.

ಶಾಂತಮಲ್ಲಪ್ಪನವರನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು, ತೆರಕಣಾಂಬಿ ಬಸ್ಸಿಗೆ ಹತ್ತಿಸಿ, ಅದು ತಿರುವು ದಾಟುವವರೆಗೂ ನಿಂತಿದ್ದು, ರುದ್ರ ಮನೆಗೆ ಬಂದ. ಜಗುಲಿಯ ಮೇಲೆ ಬೆಟ್ಟಯ್ಯ, ಯಶೋದಮ್ಮ, ಪುಟ್ಟಬಸಮ್ಮ ಮೂವರೂ ಕಾದಿದ್ದರು.

“ಎಂಗೆ ನನ್ನ ಮಾತು?” ಎಂದು ಬೆಟ್ಟಯ್ಯ ಮೀಸೆ ತಿರುವಿದ. “ಏನಾಯ್ತ್ಲಾ ಮಗಾ?” ಎಂದಳು ತಾಯಿ.

“ಸೇರ್ಬೇಕಾದ ಮನೆಗೆ ಉಷಾರಾಗಿ ಸೇರುಸ್ಬುಟ್ಟು ಬಂದೆ ಕಣವ್ವ,” ಎಂದ ರುದ್ರ. ಹಸಿರು ಟೀ ಶರ್ಟನ್ನು ಬಿಚ್ಚಿ, ನೀರಿನಲ್ಲಿ ಅದ್ದಿ, ಕುಕ್ಕರಗಾಲಿನಲ್ಲಿ ಕೂತು ಬೈಕು ಒರೆಸತೊಡಗಿದ.

“ಅಯ್ಯಯ್ಯೋ, ಇಸ್ತ್ರಿ ಆಕಿದ್ ಬಟ್ಟೆ ಕಣ್ಲಾ ಅದು!” ಎಂದು ಯಶೋದಮ್ಮ ಬಾಯಿ ಬಡಿದುಕೊಂಡಳು.