ಮುತ್ತಿನ ಹಳ್ಳಿಯಲ್ಲಿ ರೊಟ್ಟಿ ಗಂಟು

ಹುಲಿಗೆ ಹೆದರುವವರಿದ್ದಾರೆ, ದೆವ್ವಕ್ಕೆ ಹೆದರುವವರಿದ್ದಾರೆ. ಅವರನ್ನು ಕಂಡರೆ ಜನಕ್ಕೆ ಕನಿಕರವಾದರೂ ಹುಟ್ಟುತ್ತದೆ. ನಾನು ಹೆದರುವುದು ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಹೊರದೇಶದ ತಿನಿಸು ಹುಡುಕಿ ಬ್ಯಾಗು ಮೂಸುತ್ತಾ ಓಡಾಡುವ ಒಂದು ಗಿಡ್ಡ ನಾಯಿಗೆ. ಅದು ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬಂದರೆ ಸಾಕು, ಬ್ಯಾಗಿನಲ್ಲಿ ಬರೀ ಬನಿಯನ್ನುಗಳಿದ್ದರೂ ನನ್ನ ಮುಖ ಕಳ್ಳನ ಮುಖವಾಗುತ್ತದೆ. ಇದಕ್ಕೆ ಮುಖ್ಯ ಕಾರಣ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಮಂಜುನಾಥ. ಅವನ ಅತ್ತೆ ಊರಿಂದ ತಂದ ತುಪ್ಪ, ಉಪ್ಪಿನಕಾಯಿ, ಕರಿಬೇವನ್ನೆಲ್ಲ ಅಲ್ಲಿನ ಏರ್‌ಪೋರ್ಟಿನ ಆಫೀಸರ್ ಒಂದೊಂದಾಗಿ ಎತ್ತಿ ಕಸದ ಡಬ್ಬಕ್ಕೆ ಹಾಕಿದ ಕಥೆಯನ್ನು ಅವನು ಫೋನ್ ಮಾಡಿದಾಗಲೆಲ್ಲ ಹೇಳುತ್ತಾನೆ. ಪ್ರತಿ ಸಲವೂ ಡಬ್ಬ ದೊಡ್ಡದಾಗುತ್ತದೆ, ಅತ್ತೆಯ ಅಳು ಜೋರಾಗುತ್ತದೆ.

ನನ್ನ ಹೆಂಡತಿ ಶೈಲಾ ಧಾರವಾಡದವಳು. ಅವಳ ಪ್ರಕಾರ ಬುತ್ತಿ ಕಟ್ಟಿಕೊಳ್ಳದೆ ಹೊರಡುವುದು ಪ್ರಯಾಣವೇ ಅಲ್ಲ, ಅದು ಮನೆ ಬಿಟ್ಟು ಓಡಿಹೋಗುವುದು. ಈ ಸಲ ಮಗಳನ್ನು ಮೆಲ್ಬರ್ನಿನಲ್ಲೇ ಬಿಟ್ಟು ನಾವಿಬ್ಬರೇ ಊರಿಗೆ ಹೋಗಿ ವಾಪಸ್ಸು ಹೊರಟಾಗ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಕೆಂಪು ಮೆಣಸಿನಕಾಯಿಯ ರಂಜಕವನ್ನು ಒಂದು ದೊಡ್ಡ ಗಂಟು ಕಟ್ಟಿ ಕೊಟ್ಟರು. ಬೆಂಗಳೂರಿನ ಏರ್‌ಪೋರ್ಟಿನಲ್ಲೇ ನಾನು ಮೆಲ್ಲಗೆ, "ಇಲ್ಲೇ ಯಾರಿಗಾದ್ರೂ ಕೊಟ್ಟುಬಿಡೋಣ್ವಾ?" ಅಂದೆ.

"ವೈನಿ ಹೊಗಿ ಮುಂದ ಕುಂತು ಬಡದ ರೊಟ್ಟಿ ರೀ ಇವು. ಒಂದು ತುಣುಕು ಚೆಲ್ಲಿದ್ರೂ ನಾ ನಿಮ್ಮ ಕೂಡ ಮಾತಾಡೂದಿಲ್ಲ," ಅಂದಳು ಶೈಲಾ. ಹಿಂದೊಮ್ಮೆ ಅವಳು ನಿಜವಾಗಿಯೂ ಮಾತು ಬಿಟ್ಟಿದ್ದಳು. ಆ ದಿನಗಳಲ್ಲಿ ಬಾಕ್ಸ್ ಹಿಲ್‌ನ ಆಫೀಸಿನಿಂದ ವೆರಿಬೀಯ ಮನೆಗೆ ಬರುವುದೇ ಬೇಡವೆನಿಸುತ್ತಿತ್ತು. ಹಾಗಾಗಿ ವಿಮಾನ ಮೆಲ್ಬರ್ನ್ ಮುಟ್ಟುವುದರೊಳಗೆ ಆ ಗಂಟು ಖಾಲಿಯಾಗಬೇಕು, ಒಂದು ತುಣುಕೂ ಚೆಲ್ಲಬಾರದು. ನನ್ನ ಸಂಸಾರದ ಶಾಂತಿ ಇಷ್ಟರ ಮೇಲೆ ನಿಂತಿತ್ತು.

ಅಗ್ಗದ ಟಿಕೆಟ್ಟಾದ್ದರಿಂದ ಅರಬ್ಬರ ನಾಡಿನಲ್ಲಿ ಮುಂದಿನ ವಿಮಾನಕ್ಕೆ ಇಡೀ ಹಗಲು ಕಾಯಬೇಕಾಗಿತ್ತು. ಹತ್ತಿರದಲ್ಲೇ ಮುತ್ತು ತೆಗೆಯುವವರ ಹಳೆಯ ಹಳ್ಳಿಯೊಂದನ್ನು ರಿಪೇರಿ ಮಾಡಿ ನೋಡುವವರಿಗೆ ತೆರೆದಿಟ್ಟಿದ್ದಾರೆಂದು ಗೊತ್ತಾಗಿ, ಟ್ಯಾಕ್ಸಿ ಹಿಡಿದು ಹೋದೆವು. ನಿಜಕ್ಕೂ ಚೆಂದದ ಜಾಗ. ಹವಳದ ಕಲ್ಲಿನ ಗೋಡೆಗಳು, ಗಾಳಿಯನ್ನು ಮನೆಯೊಳಕ್ಕೆ ಇಳಿಸುವ ಗೋಪುರ, ಓಣಿಯ ಕೊನೆಯಲ್ಲಿ ಸಮುದ್ರ. ಹಿಂದೆ ಇಲ್ಲಿಯವರು ಮೂಗಿಗೆ ಚಿಮಟ ಸಿಕ್ಕಿಸಿಕೊಂಡು, ಕಾಲಿಗೆ ಕಲ್ಲು ಕಟ್ಟಿಕೊಂಡು ಆ ಸಮುದ್ರದ ತಳಕ್ಕೆ ಇಳಿಯುತ್ತಿದ್ದರಂತೆ. ನಾನು ಹೊಟ್ಟೆಗೆ ರೊಟ್ಟಿ ಕಟ್ಟಿಕೊಂಡು ಶೈಲಾಳ ಹಿಂದೆ ಹಿಂದೆ ನಡೆದೆ. ಬೆಳಗಿನಿಂದ ವಿಮಾನದಲ್ಲಿ, ಬೆಂಚಿನ ಮೇಲೆ, ಟ್ಯಾಕ್ಸಿಯಲ್ಲಿ ಕಟುಂ ಕಟುಂ ಅಂತ ತಿಂದೂ ತಿಂದೂ ದವಡೆ ಸೋತಿತ್ತು, ಗಂಟು ಮಾತ್ರ ಕರಗಿರಲಿಲ್ಲ.

ಮುತ್ತಿನ ವ್ಯಾಪಾರಿಯ ಮನೆಯ ಅಂಗಳದಲ್ಲಿ ನೆರಳಿತ್ತು, ಚಾಪೆ ಹಾಸಿತ್ತು, ಒರಗುದಿಂಬುಗಳಿದ್ದವು. ಹಾಸಿದ ಚಾಪೆ ಕಂಡರೆ ಕೂರದೆ ಇರುವ ಸಂಯಮ ನಮ್ಮವರಿಗೆಲ್ಲಿದೆ? ಚಪ್ಪಲಿ ಬಿಟ್ಟು ಕೂತು ಗಂಟು ಬಿಚ್ಚಿದೆವು. ನಾನು ರೊಟ್ಟಿ ಮುರಿಯುವ ಹೊತ್ತಿಗೆ ಪ್ರವಾಸಿಗರ ಗುಂಪೊಂದು ಒಳಗೆ ಬಂತು. ಎಲ್ಲರಿಗಿಂತ ಮುಂದೆ ದೊಡ್ಡ ಹ್ಯಾಟು ಹಾಕಿಕೊಂಡ ಜ್ಯೂಡಿ ಎಂಬ ಹಿರಿಯ ಹೆಂಗಸು. ಕೂಡಲೇ ಎದ್ದುಬಿಡೋಣವೆಂದು ನಾನು ಮೊಣಕಾಲೆತ್ತಿದೆ. ಆದರೆ ಧಾರವಾಡದ ಕಡೆ ಒಂದು ಪದ್ಧತಿಯಿದೆ. ಉಣ್ಣುವಾಗ ಯಾರೇ ಬರಲಿ, ಅವರನ್ನು ಊಟಕ್ಕೆ ಕರೆಯದಿದ್ದರೆ ತುತ್ತು ಗಂಟಲಿಗಿಳಿಯುವುದಿಲ್ಲ. ಶೈಲಾ ನಗುತ್ತಾ, "ಬರ್ರಿ, ಊಟಾ ಮಾಡ್ರಿ," ಎಂದು ಚಾಪೆ ತಟ್ಟಿದಳು. ಗುಂಪು ಹಿಗ್ಗಿ ಚಪ್ಪಲಿ ಬಿಟ್ಟು ಸಾಲಾಗಿ ಕೂತೇಬಿಟ್ಟಿತು. ನಾವು ಆ ಹಳ್ಳಿಯ ಪ್ರದರ್ಶನದ ಒಂದು ಭಾಗವೆಂದು ಅವರು ತಿಳಿದುಕೊಂಡಿದ್ದಾರೆ ಅನ್ನುವುದು ನನಗೆ ಹೊಳೆದದ್ದು, ಮುತ್ತು ತೆಗೆಯುವವರು ಇದನ್ನೇ ತಿನ್ನುತ್ತಿದ್ದರಾ ಎಂದು ಜ್ಯೂಡಿ ಕೇಳಿದಾಗ.

ಅಲ್ಲ ಎಂದು ಹೇಳಬಹುದಾಗಿತ್ತು. ಆದರೆ ಅಷ್ಟರಲ್ಲಿ ಅವರೆಲ್ಲರ ಕೈಗಳು ರೊಟ್ಟಿಯತ್ತ ಚಾಚಿದ್ದವು, ಗಂಟು ನನ್ನ ಕಣ್ಣೆದುರೇ ಕರಗುತ್ತಿತ್ತು. ಆಫೀಸಿನಲ್ಲಿ ಗೊತ್ತಿಲ್ಲದ ವಿಷಯಗಳ ಬಗ್ಗೆ ಪ್ರೆಸೆಂಟೇಷನ್ ಕೊಟ್ಟು ಪಳಗಿದ ನಾಲಿಗೆ ತಾನಾಗಿ ಹೊರಳಿತು. ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಎಂದೆ, ಅದು ನಿಜ. ಹಾಯಿಹಡಗುಗಳಲ್ಲಿ ನಮ್ಮ ಕರಾವಳಿಯಿಂದ ಇಲ್ಲಿಗೆ ಬರುತ್ತಿತ್ತು ಎಂದೆ. ಅದು ದೇವರಿಗೇ ಗೊತ್ತು. ರಂಜಕ ನೆಕ್ಕಿದ ಒಬ್ಬಾತನ ಕಣ್ಣಲ್ಲಿ ನೀರು ದಳದಳ ಇಳಿದಾಗ, ಸಮುದ್ರದಡಿಯ ಚಳಿ ತಡೆಯಲು ಇದು ಬೇಕಾಗುತ್ತಿತ್ತು ಎಂದೆ. ಕೊನೆಗೆ, ನಮ್ಮ ಮುತ್ತಾತ ಇಲ್ಲೇ ಮುಳುಗುತ್ತಿದ್ದರು, ಉಸಿರು ಹಿಡಿಯುವುದು ನಮ್ಮ ಮನೆತನದ ವಿದ್ಯೆ ಎಂದೂ ಹೇಳಿಬಿಟ್ಟೆ. ತುಮಕೂರು ಕಡೆಯ ನಮ್ಮ ವಂಶದಲ್ಲಿ ಕೆರೆಗೆ ಮೊಣಕಾಲಿಗಿಂತ ಆಳ ಇಳಿದವರು ಯಾರೂ ಇಲ್ಲ. ಶೈಲಾ ನನ್ನನ್ನು ನೋಡಿದ ನೋಟಕ್ಕೆ ರಂಜಕವೇ ಸಪ್ಪೆಯಾಗಬೇಕು. ಆದರೆ ಗಂಟು ಖಾಲಿಯಾಗಿತ್ತು! ವೈನಿಯ ರೊಟ್ಟಿಯ ಒಂದು ತುಣುಕನ್ನೂ ಚೆಲ್ಲಲಿಲ್ಲ. ನನಗಾದ ಸಂತೋಷಕ್ಕೆ ಬಟ್ಟೆಯನ್ನು ಎರಡೆರಡು ಸಲ ಕೊಡವಿ ಮಡಚಿದೆ.

ಮೆಲ್ಬರ್ನಿನಲ್ಲಿ ಇಳಿಯುವ ಮುಂಚೆ ವಿಮಾನದಲ್ಲಿ ತುಂಬಲು ಕೊಡುವ ಕಸ್ಟಮ್ಸ್ ಕಾರ್ಡಿನಲ್ಲಿ 'ಆಹಾರ ಇದೆಯೇ' ಎನ್ನುವಲ್ಲಿ ಜೀವಮಾನದಲ್ಲೇ ಮೊದಲ ಬಾರಿಗೆ 'ಇಲ್ಲ' ಎಂದು ಎದೆಯುಬ್ಬಿಸಿ ಗುರುತು ಹಾಕಿದೆ. ನಾಯಿ ಬಂದರೂ ತಲೆ ಸವರಬೇಕು ಅನ್ನುವಷ್ಟು ಧೈರ್ಯ ಬಂದಿತ್ತು. ಸೂಟ್‌ಕೇಸ್ ಬೆಲ್ಟಿನ ಮೇಲೆ ಬರುತ್ತಿರುವಾಗ ಶೈಲಾ ಕಿವಿಯಲ್ಲಿ, "ರೀ, ಅದರಾಗ ಇನ್ನೊಂದು ಗಂಟು ಐತಿ. ವೈನಿ ಎರಡು ಕಟ್ಟಿದ್ರು," ಅಂದಳು.

"ಮೊದ್ಲೇ ಹೇಳೋಕಾಗಲ್ವಾ?"

"ಹೇಳಿದ್ರ ಅದನ್ನೂ ಮಂದಿಗೆ ಹಂಚಿ ಬರ್ತಿದ್ರಿ."

'ಇಲ್ಲ'ವನ್ನು ಹೊಡೆದುಹಾಕಿ 'ಇದೆ' ಎಂದು ತಿದ್ದಿ, ಕೌಂಟರಿನಲ್ಲಿ ಗಂಟು ಬಿಚ್ಚಿಟ್ಟು ನಿಂತೆ. ಆಗ ಪಕ್ಕದ ಸಾಲಿನಿಂದ ಆ ದೊಡ್ಡ ಹ್ಯಾಟು! ಜ್ಯೂಡಿಯೂ ಮೆಲ್ಬರ್ನಿನವಳಂತೆ, ಅದೇ ವಿಮಾನದಲ್ಲಿ ಬಂದಿದ್ದಳು. ಇದು ಮುತ್ತಿನವರ ಪುರಾತನ ರೊಟ್ಟಿ, ಇವರು ಆ ಮನೆತನದವರು ಎಂದು ಆಫೀಸರನಿಗೆ ಕೂಗಿ ಹೇಳಿದಳು. ಆಫೀಸರ್ ನನ್ನತ್ತ ತಿರುಗಿದ. ನನಗೆ ಬೆವರಿಳಿದು, ಇಲ್ಲ ಸಾರ್, ಇದು ಧಾರವಾಡದ್ದು, ಹೆಂಡತಿಯ ಅತ್ತಿಗೆ ಮಾಡಿದ್ದು, ನನಗೆ ಈಜೂ ಬರುವುದಿಲ್ಲ ಎಂದು ಎಲ್ಲವನ್ನೂ ಒದರಿಬಿಟ್ಟೆ. ಅವನು ರೊಟ್ಟಿಯನ್ನೊಮ್ಮೆ ತಿರುಗಿಸಿ ನೋಡಿ, ಬಿಸ್ಕತ್ತಿನಂಥದ್ದೇ ತಾನೇ, ಹೋಗಿ ಅಂದ. ಅಷ್ಟೇ. ಇಷ್ಟಕ್ಕಾಗಿ ನಾನು ಒಂದು ದಿನವಿಡೀ ದವಡೆ ಸವೆಸಿ, ಮುತ್ತಾತನನ್ನು ಸಮುದ್ರಕ್ಕೆ ತಳ್ಳಿದ್ದೆ.

ಜ್ಯೂಡಿ ಮಾತ್ರ ನಾನು ಹೇಳಿದ ನಿಜವನ್ನು ಒಂದಿಷ್ಟೂ ನಂಬಲಿಲ್ಲ. ಎಂಥ ವಿನಯ ಎಂದು ನನ್ನ ಭುಜ ತಟ್ಟಿದಳು. ಶೈಲಾ ಪದ್ಧತಿಯಂತೆ ಅವಳನ್ನು ಭಾನುವಾರ ಮನೆಗೆ ಊಟಕ್ಕೆ ಕರೆದಳು. ಅವಳು ತನ್ನ ಈಜಿನ ಕ್ಲಬ್ಬಿನವರನ್ನೆಲ್ಲ ಕರೆತರುತ್ತಾಳಂತೆ, ಉಸಿರು ಹಿಡಿಯುವ ವಿದ್ಯೆಯನ್ನು ಕಣ್ಣಾರೆ ನೋಡಬೇಕಂತೆ. ಹಾಗಾಗಿ ಈ ವಾರವೆಲ್ಲ ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಕೂರುತ್ತಿದ್ದೇನೆ. ಹೊರಗಿನಿಂದ ಮಗಳು "ಡ್ಯಾಡ್, ಆರ್ ಯೂ ಓಕೇ?" ಎಂದು ಬಾಗಿಲು ಬಡಿಯುತ್ತಾಳೆ. ಉತ್ತರ ಕೊಡಲು ಬಾಯಿ ತೆರೆದರೆ ನೀರು ಒಳಗೆ ಹೋಗುತ್ತದೆ.